ಇನ್ನೊಂದು ಯಾವುದು?

ರೋಗಿಯ ಹೊಟ್ಟೆ ಮುಟ್ಟುವ ಮೊದಲು ಕಂಪೌಂಡರ ಸಾಹೇಬರು ಬಲಗೈಯ ಬೆರಳುಗಳನ್ನು ತಮ್ಮ ಎಡಗಂಕುಳಲ್ಲಿ ಸಿಕ್ಕಿಸಿಕೊಂಡು ಬಿಸಿ ಮಾಡಿಕೊಳ್ಳುತ್ತಿದ್ದರು. ಅಯೋಡಿನ್ ಹತ್ತಿ ಹತ್ತಿ ಉಗುರುಗಳು ಕಂದಾಗಿದ್ದವು. ತಣ್ಣಗಿನ ಕೈ ತಗಲಿದರೆ ಹೊಟ್ಟೆ ಬಿಗಿಯುತ್ತದೆ, ಬಿಗಿದ ಹೊಟ್ಟೆ ಸುಳ್ಳು ಹೇಳುತ್ತದೆ ಎನ್ನುತ್ತಿದ್ದರು. ಅವರು ಒಂದು ಕಡೆ ನಿಲ್ಲುತ್ತಿದ್ದದ್ದು ಅಷ್ಟು ಹೊತ್ತು ಮಾತ್ರ. ಮಿಕ್ಕಂತೆ ತಿರುಗಾಟವೇ. ಔಷಧ ಅರೆಯುವಾಗಲೂ ಕಲ್ಲು ಹಿಡಿದುಕೊಂಡು ತಿರುಗುತ್ತಿದ್ದರು.

ನಿಜಾಮರ ಕಾಲ. ಕಮಲಾಪುರದ ದವಾಖಾನೆಗೆ ಡಾಕ್ಟರು ಕಲಬುರಗಿಯಿಂದ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಇವರೇ ಎಲ್ಲ. ಹೆಂಡತಿ, ಮಗಳು ಕಲಬುರಗಿಯ ಶಹಾಬಜಾರದ ಮನೆಯಲ್ಲಿ. ಇವರು ನಮ್ಮೂರಲ್ಲಿ ಒಬ್ಬರೇ.

ಬೇಸಿಗೆ ಬಂತೆಂದರೆ ನಮ್ಮಲ್ಲಿ ನಾರು. ಮೆಟ್ಟಿಲು ಬಾವಿಯ ನೀರಿನ ಜೊತೆ ಒಳಗೆ ಹೋದ ಹುಳ ವರ್ಷದ ಮೇಲೆ ಕಾಲಲ್ಲಿ ಬೊಬ್ಬೆ ಎಬ್ಬಿಸಿ, ಬಿಳಿ ದಾರದ ಹಾಗೆ ತಲೆ ಹೊರಗೆ ಹಾಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲದಷ್ಟೇ ಎಳೆಯಬೇಕು. ಅವಸರ ಮಾಡಿದರೆ ಒಳಗೇ ಹರಿದು ಕಾಲು ಕೀವಾಗುತ್ತದೆ. ಸಾಹೇಬರೋ ಅವಸರದ ಮನುಷ್ಯ. ಬಂದ ಹೊಸತರಲ್ಲಿ ಒಬ್ಬ ನೇಕಾರನ ನಾರು ಹರಿದುಬಿಟ್ಟಿದ್ದರು. ಅವನ ಮೊಣಕಾಲು ಮತ್ತೆ ಮಡಚಲಿಲ್ಲ. ಅವನು ಓಣಿಯಲ್ಲಿ ಹಾದುಹೋದಾಗಲೆಲ್ಲ, ಎದುರಿಗೆ ಯಾರೇ ಇರಲಿ, "ಆ ಕುಂಟು ನಂದು" ಎನ್ನುತ್ತಿದ್ದರು. ಊರೂ ಅದನ್ನು ಮರೆತಿರಲಿಲ್ಲ.

ಅವರಿಗೊಂದು ಚಟವಿತ್ತು. ಒಂದು ರೋಗ ಕಣ್ಣಿಗೆ ಬಿದ್ದ ಕೂಡಲೇ, "ಇದೊಂದಾತು. ಇನ್ನೊಂದ್ಯಾವ್ದು?" ನಾರಿಗೆಂದು ಬಂದವರ ರೆಪ್ಪೆ ಎಳೆದು ರಕ್ತವಿದೆಯೇ ನೋಡುವರು. ಎಡಗಡೆ ಪಕ್ಕೆಯ ಕೆಳಗೆ ತಿಲ್ಲಿ, ಅಂದರೆ ಗುಲ್ಮ, ಊದಿದೆಯೇ ಎಂದು ಒತ್ತುವರು. ಚಳಿಜ್ವರ ಹಳೆಯದಾದರೆ ಅಲ್ಲಿ ಗಡ್ಡೆಯಂತೆ ಸಿಗುತ್ತದೆ. ಹೊಟ್ಟೆಯಿಂದ ಹುಳ ಬೀಳುತ್ತವೆಯೇ ಎಂದು ನಾಲ್ಕು ಜನರೆದುರೇ ಕೇಳಿ ಬೈಸಿಕೊಳ್ಳುವರು.

"ಕಾಲ್ ತೋರ್ಸಾಕ ಬಂದೀನ್ರೀ ಸಾಹೇಬ್ರ, ಹೊಟ್ಟಿ ಅಲ್ಲ," ಎಂದು ಒಬ್ಬ ಮುದುಕಿ ಸಿಡುಕಿದ್ದಳು.

"ಕಾಲಷ್ಟೇ ಬಂದದೇನಮ್ಮಾ? ಅದರ ಸಂಗಟ ನೀನೂ ಬಂದೀದಿ ಅಲ್ಲ?"

ನಮ್ಮ ಮನೆತನದಲ್ಲಿ ಅಕ್ಷರ ಕಲಿತವನು ನಾನೇ ಮೊದಲು. ಅಪ್ಪ, ಅವ್ವ ಮಂದಿಯ ಕೆಂಪು ಬಾಳೆಯ ತೋಟಕ್ಕೆ ನೀರು ಹಾಯಿಸುತ್ತಿದ್ದರು. ನಾನು ಕಲಬುರಗಿಯಲ್ಲಿ ಮಠದಲ್ಲಿ ಉಂಡು, ತಿಳಿಯದ ಉರ್ದುವನ್ನು ಹಲ್ಲು ಕಚ್ಚಿ ಕಲಿತು, ಮೆಟ್ರಿಕ್‌ವರೆಗೆ ಬಂದಿದ್ದೆ. ಪರೀಕ್ಷೆಗೆ ಮೂರು ವಾರ ಇರುವಾಗ ಊರಿಗೆ ಬಂದೆ. ಹಿಮ್ಮಡಿಯ ಮೇಲೆ ನಾರು ತಲೆ ಹಾಕಿತು. ಹಿಂದೆಯೇ ಜ್ವರ. ಓದಿದ್ದು ತಲೆಯಲ್ಲಿ ನಿಲ್ಲದು, ಎದ್ದರೆ ಕಾಲು ನಿಲ್ಲದು.

ನಾರಿಗೆ ಜ್ವರ ಇದ್ದದ್ದೇ ಎಂಬುದು ಊರಿನ ನಂಬಿಕೆ. ಆಗ ಕಹಿ ಔಷಧ ಕೊಟ್ಟರೆ ನಾರು ಹೆದರಿ ಒಳಗೆ ಸರಿದು ಹರಿಯುತ್ತದಂತೆ. ಸಾಹೇಬರು ಕಳಿಸಿದ ಕ್ವಿನೈನ್ ಅನ್ನು ಅವ್ವ ಒಲೆಯ ಬೂದಿಗೆ ಸುರಿದಳು. ಗೊತ್ತಾದ ಕೂಡಲೇ ಅವರೇ ಬಂದರು. ಮೊದಲು ನನ್ನ ಹೊಟ್ಟೆ ಒತ್ತಿದರು, ಆಮೇಲೆ ಅಂಗಳದಲ್ಲಿ ಅತ್ತಿಂದಿತ್ತ ತಿರುಗತೊಡಗಿದರು.

"ಜ್ವರ ಯಾವಾಗ ಬರ್ತದಕ್ಕಾ?"

"ದಿನಾ ಬಿಟ್ಟು ದಿನಾ, ಹೊತ್ತು ನೆತ್ತಿ ಮ್ಯಾಲೆ ಬಂದಾಗ. ಗಡಗಡ ನಡಗ್ತಾನ್ರಿ. ಎರಡು ಕೌದಿ ಸಾಲಂಗಿಲ್ಲ."

"ನಾರು ಗಡಿಯಾರ ನೋಡಿ ಚಳಿ ಬಿಡ್ತದೇನು? ಇದು ಚಳಿಜ್ವರ, ಬ್ಯಾರೇ."

"ಕಾಲಾಗ ನಾರು ಕಣ್ಣಿಗಿ ಕಾಣಾಕತ್ತದಲ್ರೀ. ಮತ್ತ ಬ್ಯಾರೇದು ಎಲ್ಲಿಂದ ಬರ್ತದ?"

"ಒಂದು ಮೈಯಾಗ ಒಂದೇ ಜಡ್ಡು ಇರಬೇಕಂತ ಸರಕಾರ ಹುಕುಂ ಮಾಡ್ಯಾದೇನು?"

ಅವ್ವ ನಗಲಿಲ್ಲ. "ಆ ನೇಕಾರಗೂ ನೀವು ಹಿಂಗೇ ಮಾತು ಹೇಳಿದ್ರಿ," ಎಂದಳು.

ಸಾಹೇಬರ ತಿರುಗಾಟ ನಿಂತಿತು. ಆಮೇಲೆ ನನ್ನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು, ನಾರು ಸುತ್ತಿದ ಕಡ್ಡಿಯ ಎರಡೂ ತುದಿಗೆ ಸರಿಯಾಗಿ ಚರ್ಮದ ಮೇಲೆ ಅಯೋಡಿನ್ ಗೆರೆ ಎಳೆದರು.

"ನೋಡಕ್ಕಾ. ಈಗ ಇವನಿಗಿ ಕಹಿ ಕುಡಸ್ತೀನಿ. ನಾರು ಒಳಗ ಸರದ್ರ ಕಡ್ಡೀನೂ ಸರೀತದ. ಗೆರಿ ಬಿಟ್ಟು ಕೂದಲೆಳಿ ಅಳ್ಳಾಡಿದ್ರೂ ದವಾಖಾನಿ ಕೀಲಿ ನಿನ್ನ ಕೈಯಾಗ ಇಟ್ಟು ಕಲಬುರಗಿಗಿ ನಡೀತೀನಿ. ನೀ ಕಡ್ಡಿ ನೋಡ್ಕೋತ ಕೂಡು."

ಅವ್ವ ಕೂತಳು. ಔಷಧ ಕುಡಿದ ಮೇಲಿನ ಮೊದಲ ಸರದಿಗೂ ಜ್ವರ ಬಂತು.

"ಬಂತಲ್ರೀ ಸಾಹೇಬ್ರ!"

"ಬಂತು. ಕಡ್ಡಿ?"

"ಕಡ್ಡಿ ಅಲ್ಲೇ ಅದ."

"ಹಂಗಾದ್ರ ಇನ್ನಷ್ಟು ಕುಡಸು."

ಎರಡನೆಯ ಸರದಿಗೆ ನಡುಕ ಬೇಗ ಬಿಟ್ಟಿತು. ಮೂರನೆಯ ಸರದಿಯ ದಿನ ಸಾಹೇಬರು ಮುಂಜಾನೆಯೇ ಬಂದು ಅಂಗಳ ತುಳಿಯುತ್ತಿದ್ದರು. ಅವ್ವ ಹಾಕಿದ ಸಾರಣೆಯಲ್ಲಿ ಅವರ ಹೆಜ್ಜೆಯ ದಾರಿಯೇ ಬಿದ್ದಿತ್ತು. ಹೊತ್ತು ನೆತ್ತಿಗೆ ಬಂತು, ಇಳಿಯಿತು. ನನಗೆ ಚಳಿ ಬರಲಿಲ್ಲ. ಅವ್ವ ಕಡ್ಡಿಯಿಂದ ಕಣ್ಣು ತೆಗೆದು, ಅಷ್ಟು ದಿನಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿದಳು.

"ಇನ್ನರೆ ಕೂಡ್ರೀ ಸಾಹೇಬ್ರ," ಎಂದು ಒಂದು ಕೆಂಪು ಬಾಳೆಹಣ್ಣು ಕೊಟ್ಟಳು. ಅದನ್ನೂ ಅವರು ತಿರುಗುತ್ತಲೇ ತಿಂದರು.

ಕಾಲಿಗೆ ಕಡ್ಡಿ ಕಟ್ಟಿಕೊಂಡೇ ಬಂಡಿಯಲ್ಲಿ ಕಲಬುರಗಿಗೆ ಹೋಗಿ ಪರೀಕ್ಷೆ ಬರೆದೆ. ಪಾಸಾದೆ. ಹೈದರಾಬಾದಿಗೆ ಹೋಗಿ ಬಿ.ಎ. ಕೂಡ ಮಾಡಿದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಮ್ಮ ಓಣಿಯಲ್ಲಿ ಅದಕ್ಕೆ ಮೊದಲು ಯಾರೂ ಮಾಡಿರಲಿಲ್ಲ.

ಕಲಬುರಗಿಯ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕ ಕೆಲವು ವರ್ಷಗಳಿಗೆ ಸಾಹೇಬರು ನೌಕರಿ ಮುಗಿಸಿ ಶಹಾಬಜಾರಕ್ಕೆ ಬಂದರು. ಮರುವರ್ಷ ಬೇಸಿಗೆಯಲ್ಲಿ ಅವರಿಗೆ ಹುಷಾರಿಲ್ಲವೆಂದು ಕೇಳಿ, ಒಂದು ಚಿಪ್ಪು ಕೆಂಪು ಬಾಳೆ ಹಿಡಿದುಕೊಂಡು ಹೋದೆ. ಅವರು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಾದದ ಮೇಲೆ ಪಟ್ಟಿ, ಪಟ್ಟಿಯ ಮೇಲೆ ಕಡ್ಡಿ. ಊರಿಗೆಲ್ಲ ನೀರು ಸೋಸಿ ಕುಡಿಯಿರಿ ಎಂದವರು, ಅವಸರದಲ್ಲಿ ಯಾವುದೋ ಬಾವಿಗೆ ಬೊಗಸೆ ಹಾಕಿರಬೇಕು. ಮಾತು ತಡವರಿಸುತ್ತಿತ್ತು. ಕೌದಿಯೊಳಗೆ ಕಾಲುಗಳು ಮಾತ್ರ ನಡೆಯುತ್ತಲೇ ಇದ್ದವು.

"ಜ್ವರ ಬಿಡವಲ್ದು ಅಣ್ಣಾ," ಎಂದಳು ಮಗಳು. "ನಾರಿಂದು ಅಂತಾರ ಎಲ್ಲಾರೂ."

"ನಾರು ಪೂರಾ ಬಂದ ಮ್ಯಾಲೆ ಇಳೀತದವ್ವಾ. ಅಂಜಬ್ಯಾಡ," ಎಂದೆ. ಬಿ.ಎ. ಓದಿದವನ ಮಾತು, ಆಕೆ ನಂಬಿದಳು. ಆಕೆಯನ್ನು ನಗಿಸೋಣವೆಂದು ಅವ್ವನ ಕಡ್ಡಿಯ ಕತೆ ಹೇಳಿದೆ. ಅಷ್ಟರಲ್ಲಿ ಸಾಹೇಬರು ಬಲಗೈಯನ್ನು ಕಷ್ಟಪಟ್ಟು ಎತ್ತಿ ಎಡಗಂಕುಳಲ್ಲಿ ಸಿಕ್ಕಿಸಿಕೊಂಡರು. ಚಳಿಯಾಗುತ್ತಿರಬೇಕೆಂದು ನಾನು ಕೌದಿಯನ್ನು ಕುತ್ತಿಗೆಯವರೆಗೆ ಎಳೆದು, ಕೈಯನ್ನು ಅದರೊಳಗೆ ಮುಚ್ಚಿ, ಕಚೇರಿಗೆ ಹೊತ್ತಾಯಿತೆಂದು ಎದ್ದು ಬಂದೆ.

ಮೂರನೆಯ ದಿನ ತೀರಿಕೊಂಡರು. ಮಣ್ಣು ಕೊಟ್ಟು ಕೋಟೆಯ ಪಕ್ಕದ ದಾರಿಯಲ್ಲಿ ವಾಪಸು ಬರುವಾಗ ಆ ಕೈ ನೆನಪಿಗೆ ಬಂತು. ಹೊಟ್ಟೆ ಮುಟ್ಟಿ ನೋಡುವ ಮೊದಲು ಅವರು ಹಾಗೆ ಮಾಡುತ್ತಿದ್ದರೆಂಬುದು ಆಗ ನೆನಪಾಯಿತು. ಬಿಸಿಲಿನಲ್ಲಿ ಅಲ್ಲೇ ನಿಂತುಬಿಟ್ಟೆ.

ಅಂದಿನಿಂದ ಯಾರ ಹಾಸಿಗೆಯ ಬಳಿಯೂ ನಾನು ಸುಮ್ಮನೆ ಕೂಡಲಾರೆ. ಏಳುತ್ತೇನೆ, ತಿರುಗುತ್ತೇನೆ, ಕೇಳಬಾರದ್ದನ್ನೆಲ್ಲ ಕೇಳಿ ಬೈಸಿಕೊಳ್ಳುತ್ತೇನೆ. ಸಾಹೇಬರ ಮೈಯಲ್ಲಿ ಇನ್ನೊಂದು ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ.