ಪಡಸಾಲೆಯಲ್ಲಿ ನಡುಗುವ ಫ್ರಿಜ್ಜು

ಗೋವಿನಕೋವಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊಳೆ ಕಡೆಯಿಂದ ಬರುವ ಗಾಳಿಗೆ, ಮಮತಾ ಕೆಲಸ ನೋಡಿ ಬರೆಯಲೆಂದು ಬಂದ ನನ್ನ ಹಲ್ಲು ಕಟಕಟ ಅನ್ನುತ್ತಿವೆ. ಮಮತಾ ಮಾತ್ರ ಯಾವ ಅವಸರವೂ ಇಲ್ಲದೆ ಶಂಕ್ರಮ್ಮನವರ ಮನೆಯ ಪಡಸಾಲೆಯಲ್ಲಿ, ಕೊರೆಯುವ ಕಲ್ಲುಹಾಸಿನ ಮೇಲೆ ಮಂಡಿಯೂರಿ ಕೂತು ಫ್ರಿಜ್ಜಿನ ಪಕ್ಕೆಗೆ ಕಿವಿ ಹಚ್ಚಿದ್ದಾರೆ. ತಲೆಗೆ ಮಫ್ಲರ್, ಹೆಗಲ ಮೇಲೆ ಕರಿ ಕಂಬಳಿ, ಪಕ್ಕದಲ್ಲಿ ಸ್ಪ್ಯಾನರು, ಟೆಸ್ಟರು ತುಂಬಿದ ಚೀಲ. ಎರಡು ಬಾಗಿಲಿನ ಆ ದೊಡ್ಡ ಫ್ರಿಜ್ಜು ಸದ್ದೇ ಇಲ್ಲದೆ ನಿಂತಿದೆ.

ಮಮತಾ ಎದ್ದು ಮೇಲಿನ ಬಾಗಿಲು ತೆಗೆಯುತ್ತಾರೆ. ಮಾವಿನ ರಸ ತುಂಬಿ ಕಟ್ಟಿಟ್ಟ ಒಂದು ಪ್ಯಾಕೆಟ್ ಹೊರಗೆ ತೆಗೆದು ಹೆಬ್ಬೆಟ್ಟು ಒತ್ತುತ್ತಾರೆ.

“ನೋಡ್ರಿ ಅಮ್ಮಾರೆ, ಹೆಬ್ಬೆಟ್ಟು ಒಳಗೆ ಹೋತು.”

ಒಳಬಾಗಿಲಿನ ಹೊಸ್ತಿಲಾಚೆ ನಿಂತ ಮನೆಯೊಡತಿ ಶಂಕ್ರಮ್ಮ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. “ಅಯ್ಯೋ ಶಿವನೇ! ನಿನ್ನೆ ಮಧ್ಯಾಹ್ನ ಕಲ್ಲಾಗಿತ್ತಲ್ಲೇ!”

“ಮಧ್ಯಾಹ್ನ ಕಲ್ಲೇ ಇರ್ತೈತೆ ಅಮ್ಮಾರೆ. ಅದಕ್ಕೇ ನಾನು ಮಧ್ಯಾಹ್ನ ಬರ್ಲಿಲ್ಲ.”

ನ್ಯಾಮತಿಯ ಮಮತಾ ಫ್ರಿಜ್ ಮೆಕ್ಯಾನಿಕ್. ಚಳಿಗಾಲದಲ್ಲಿ ಯಾರಾದರೂ ಫೋನ್ ಮಾಡಿ, ಕೆಳಗೆ ಎಲ್ಲ ಸರಿ ಇದೆ, ಮೇಲಿನ ಐಸ್ ಕರಗುತ್ತಿದೆ ಅಂದರೆ ಸಾಕು, ಅವರು ಕೋಳಿ ಕೂಗುವ ಹೊತ್ತಿಗೆ ಆ ಮನೆ ಮುಂದೆ ಇರುತ್ತಾರೆ. ಶಂಕ್ರಮ್ಮನವರ ಮನೆಗೆ ಇವರಿಗೂ ಮೊದಲು ಪೇಟೆಯಿಂದ ಒಬ್ಬರು ಬಂದಿದ್ದರು. ಬಿಸಿಲೇರಿದ ಮೇಲೆ ಬಂದವರಿಗೆ ಐಸ್ ಗಟ್ಟಿಯಾಗಿಯೇ ಕಂಡಿದೆ. ಆದರೂ ಬರಿಗೈಲಿ ಹೋಗಲಾರದೆ ಗ್ಯಾಸ್ ತುಂಬಿ ಹೋಗಿದ್ದಾರೆ. ಮರುದಿನ ಬೆಳಗ್ಗೆ ಮತ್ತೆ ಅದೇ ಗೋಳು.

ಚಳಿಗೆ ಐಸ್ ಕರಗುತ್ತದೆ ಅಂದರೆ ಯಾರು ನಂಬುತ್ತಾರೆ ಹೇಳಿ? ನಾನಂತೂ ನಂಬಿರಲಿಲ್ಲ. ಮಮತಾ ಹೇಳಿದ ಮೇಲೆ ತಲೆಗೆ ಹೋಯಿತು.

“ಇದರಾಗೆ ಖಾನೆ ಎರಡಿದ್ರೂ ಸೆಕೆ ಎಷ್ಟೈತೆ ಅಂತ ನೋಡೋದು ಒಂದೇ ಕಡೆ, ಕೆಳಗೆ. ಕೆಳಗಿನ ಖಾನೆಗೆ ಸೆಕೆ ಆದ್ರೇನೇ ಕಂಪ್ರೆಸರ್ ಓಡೋದು. ಈಗ ಪಡಸಾಲೆನೇ ಹಿಂಗೆ ಥಂಡಿ ಹೊಡೀತೈತಲ್ಲ ಮೇಡಂ, ಕೆಳಗಿನದು ‘ನನಗೇನೂ ಬೇಡಪ್ಪ’ ಅಂತ ಹಾಯಾಗಿರ್ತೈತೆ. ಕಂಪ್ರೆಸರ್ ರಾತ್ರಿಯೆಲ್ಲ ಸುಮ್ನೆ ಮಲಗ್ತೈತೆ. ಮೇಲಿನದಕ್ಕೆ ಇನ್ನೂ ಥಂಡಿ ಬೇಕು. ಆದ್ರೆ ಅದನ್ನ ಯಾರೂ ಕೇಳಾದಿಲ್ಲ. ಕೇಳೋರಿಲ್ಲದೆ ಕರಗ್ತೈತೆ.”

ಬಿಸಿಲು ಬಂದು ಪಡಸಾಲೆ ಬೆಚ್ಚಗಾದ ಮೇಲೆ ಕೆಳಗಿನ ಖಾನೆಗೆ ಸೆಕೆಯಾಗುತ್ತದೆ, ಕಂಪ್ರೆಸರ್ ಏಳುತ್ತದೆ, ಮಧ್ಯಾಹ್ನದೊಳಗೆ ಎಲ್ಲವೂ ಮತ್ತೆ ಗಟ್ಟಿ. ಆದರೆ ದಿನಾ ಹೀಗೆ ಕರಗಿ ಗಟ್ಟಿಯಾಗಿ, ಕರಗಿ ಗಟ್ಟಿಯಾಗಿ ಒಂದು ದಿನ ಮಾವಿನ ರಸ ಹುಳಿ ಹಿಡಿಯುತ್ತದೆ. ಶಂಕ್ರಮ್ಮನವರ ಚಿಂತೆ ಅದೇ. ಚನ್ನಗಿರಿಗೆ ಕೊಟ್ಟ ಮಗಳು ರೂಪಶ್ರೀ ಬಸುರಿಯಾಗಿ ತವರಿಗೆ ಬಂದಿದ್ದಾಳೆ. ಈ ಚಳಿಯಲ್ಲಿ ಅವಳಿಗೆ ಬಯಕೆ ಹುಟ್ಟಿರುವುದು ಮಾವಿನಹಣ್ಣಿನ ಸೀಕರಣೆಯ ಮೇಲೆ. ಹೊಲದ ಬದುವಿನ ಮರದ ಹಣ್ಣು ಹಿಂಡಿ ಬೇಸಿಗೆಯಲ್ಲಿ ಕಟ್ಟಿಟ್ಟಿದ್ದ ಈ ಪ್ಯಾಕೆಟ್ಟುಗಳನ್ನು ಬಿಟ್ಟರೆ ಈಗ ಮಾವು ಎಲ್ಲಿಂದ ತರುವುದು?

“ಒಂದು ಚೊಂಬು ಉಗುರುಬೆಚ್ಚಗಿನ ನೀರು ಕೊಡ್ರಿ ಅಮ್ಮಾರೆ” ಅನ್ನುತ್ತಾರೆ ಮಮತಾ.

ಶಂಕ್ರಮ್ಮ ಚೊಂಬು ತಂದು ಹೊಸ್ತಿಲ ಈಚೆ ನೆಲದ ಮೇಲಿಡುತ್ತಾರೆ. ಅವರು ಕೈ ಹಿಂದೆ ತೆಗೆದ ಮೇಲೆ ಮಮತಾ ಅದನ್ನು ಎತ್ತಿಕೊಳ್ಳುತ್ತಾರೆ. ಇಬ್ಬರಿಗೂ ರೂಢಿಯಾಗಿ ಹೋಗಿರುವ ಈ ಕೊಡುಕೊಳ್ಳುವಿಕೆ ಎಷ್ಟು ಸಲೀಸಾಗಿ ನಡೆಯುತ್ತದೆಂದರೆ, ನಾನು ಬರೆಯಲು ಕೂತಿರದಿದ್ದರೆ ಗಮನಿಸುತ್ತಲೇ ಇರಲಿಲ್ಲ. ಮಮತಾ ಚೊಂಬನ್ನು ಕೆಳಗಿನ ಖಾನೆಯಲ್ಲಿಟ್ಟು ಬಾಗಿಲು ಹಾಕಿ ಮತ್ತೆ ಕಿವಿ ಹಚ್ಚುತ್ತಾರೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಳಗೆಲ್ಲೋ ಟಕ್ ಅಂದು ಕಂಪ್ರೆಸರ್ ಗುಂಯ್ ಅನ್ನಲು ಶುರುವಾಗುತ್ತದೆ. ಮಮತಾ ಕಣ್ಣು ಮುಚ್ಚಿಕೊಂಡೇ ನಗುತ್ತಾರೆ.

“ಎದ್ದ ನೋಡ್ರಿ ಕುಂಭಕರ್ಣ!”

ಚಳಿಗಾಲದಲ್ಲಿ ಫ್ರಿಜ್ಜಿಗೆ ಜನ ಮಾಡುವ ಉಪಚಾರವನ್ನು ಮಮತಾ ಬಾಯಲ್ಲೇ ಕೇಳಬೇಕು. ಹೊನ್ನಾಳಿಯ ಬೊಮ್ಮಕ್ಕ ಎಂಬುವರು, ಹೊರಗೇ ಇಷ್ಟು ಥಂಡಿ ಇರುವಾಗ ಇದಕ್ಕೇಕೆ ಕರೆಂಟು ಅಂತ ಒಳಗಿನ ಗುಂಡಿಯನ್ನು ತೀರಾ ಕಡಿಮೆಗೆ ತಿರುಗಿಸಿಟ್ಟು, ಐಸ್ ಕಟ್ಟುತ್ತಿಲ್ಲವೆಂದು ಇವರ ಮೇಲೇ ಜೋರು ಮಾಡಿದ್ದರಂತೆ. ಚನ್ನಗಿರಿಯ ಕಲ್ಲೇಶಪ್ಪನವರದು ಇನ್ನೂ ಒಂದು ಕೈ ಮೇಲು. ಫ್ರಿಜ್ಜಿಗೆ ಚಳಿ ಹತ್ತಿದೆ ಅಂತ ಯಾರೋ ಹೇಳಿದ್ದನ್ನು ಕೇಳಿ, ಪಾಪ, ತಾವು ಹೊದೆಯುತ್ತಿದ್ದ ಕಂಬಳಿಯನ್ನೇ ಅದಕ್ಕೆ ಹೊದಿಸಿದ್ದರು!

“ಅದರ ಕಾವು ಪಕ್ಕೆಯಿಂದ, ಹಿಂದಿನಿಂದ ಹೊರಗೆ ಹೋಗ್ಬೇಕು ಮೇಡಂ. ಮುಚ್ಚಿದ್ರೆ ಉಸಿರು ಕಟ್ತೈತೆ. ‘ಯಜಮಾನ್ರೇ, ಕಂಬಳಿ ನೀವೇ ಹೊದ್ಕೊಳ್ರಿ, ಇದಕ್ಕೆ ಒಂದು ಗೇಣು ಜಾಗ ಬಿಡ್ರಿ ಸಾಕು’ ಅಂದೆ. ಅವರೂ ನಕ್ಕರು.”

ಮಮತಾ ಹೆಗಲ ಮೇಲಿನ ಕಂಬಳಿ ತವರಿನದು. ಜಗಳೂರು ಕಡೆಯ ಹಳ್ಳಿಯವರು ಅವರು. ಅಲ್ಲಿ ಬಟಾಬಯಲು, ಗಾಳಿಗೆ ತಡೆ ಅನ್ನುವುದೇ ಇಲ್ಲ. ತಾಯಿ ದ್ಯಾಮಮ್ಮ ಕುರಿ ಕಾಯುವವರ ಮನೆಯಿಂದ ತಂದು ಮದುವೆಯಲ್ಲಿ ಮಗಳ ಹೆಗಲಿಗೆ ಹಾಕಿದ್ದ ಕಂಬಳಿ ಈಗ ನ್ಯಾಮತಿ, ಹೊನ್ನಾಳಿ ರಸ್ತೆಗಳಲ್ಲಿ ಮೊಪೆಡ್ ಮೇಲೆ ಓಡಾಡುತ್ತದೆ. ಗಂಡ ಕೆಂಚೇಶ್ ನ್ಯಾಮತಿ ಬಸ್‌ಸ್ಟ್ಯಾಂಡಿನ ಹಿಂದೆ ರಿಪೇರಿ ಅಂಗಡಿ ಇಟ್ಟವರು. ಒಂದು ದಿನ ಆಟೋದಿಂದ ಫ್ರಿಜ್ಜು ಇಳಿಸುವಾಗ ಕಾಲು ಜಾರಿ ಫ್ರಿಜ್ಜಿನ ಸಮೇತ ಬಿದ್ದರು. ಫ್ರಿಜ್ಜು ಉಳಿಯಿತು, ಕೆಂಚೇಶ್ ಬೆನ್ನು ಉಳಿಯಲಿಲ್ಲ.

“ನಾನು ಟಾರ್ಚ್ ಹಿಡಿಯಾಕೆ ಅಂತ ಇವರ ಹಿಂದೆ ಹೋಗ್ತಿದ್ದೆ. ಹಿಡಿದು ಹಿಡಿದೇ ಕಲಿತೆ” ಅನ್ನುತ್ತಾರೆ ಮಮತಾ. ಈಗ ಕೆಂಚೇಶ್ ಅಂಗಡಿಯಲ್ಲಿ ಕೂತು ಫ್ಯಾನಿಗೆ ತಂತಿ ಸುತ್ತುತ್ತಾರೆ, ಬುದ್ಧನ ಪುಟ್ಟ ಫೋಟೊದ ಕೆಳಗೆ. ಮನೆಮನೆಗೆ ಹೋಗುವುದು ಹೆಂಡತಿ. ದಿನಕ್ಕೆ ಮೂರೋ ನಾಲ್ಕೋ ಮನೆ, ಬೇಸಿಗೆಯಲ್ಲಿ ಊಟಕ್ಕೂ ಪುರುಸೊತ್ತಿಲ್ಲ. “ನನಗಿಂತ ಆಕೆ ಕಿವಿ ಚುರುಕು ರೀ. ನಾನು ಗೊರಕೆ ಹೊಡೆದ್ರೆ ಎಬ್ಬಿಸಿ, ‘ನಿಮ್ಮ ಕಂಪ್ರೆಸರ್ ಸದ್ದು ಸರಿಯಿಲ್ಲ’ ಅಂತಾಳೆ” ಎಂದು ಕೆಂಚೇಶ್ ಹೊಟ್ಟೆ ತುಂಬ ನಗುತ್ತಾರೆ.

ಅವರು ಹಾಸಿಗೆ ಹಿಡಿದ ಹೊಸದರಲ್ಲಿ ಮಮತಾ ಒಬ್ಬರೇ ಕೆಲಸಕ್ಕೆ ಹೊರಟಾಗ ಜನ ನಕ್ಕಿದ್ದೇ ನಕ್ಕಿದ್ದು. ಹೆಂಗಸು ಏನು ಫ್ರಿಜ್ಜು ಬಿಚ್ಚುತ್ತಾಳೆ ಅಂತ ಬಾಗಿಲಲ್ಲೇ ತಿರುಗಿಸಿ ಕಳಿಸಿದವರೂ ಉಂಟು. ಆಗ ‘ಅವಳೇ ಬರ್ಲಿ ಬಿಡ್ರಿ, ಕೈ ಅವಳದೂ ಕೈಯೇ ಅಲ್ವಾ’ ಅಂದವರು ಗೋವಿನಕೋವಿಯ ಇದೇ ಶಂಕ್ರಮ್ಮ. ಮಮತಾ ಒಬ್ಬರೇ ಬಿಚ್ಚಿ ಜೋಡಿಸಿದ ಮೊದಲ ಫ್ರಿಜ್ಜು ಈ ಮನೆಯದು. ಕೆಂಚೇಶ್ ಮಲಗಿದ್ದಷ್ಟು ದಿನ ಈ ಮನೆಯಿಂದ ಅಕ್ಕಿಯೂ ಹೋಗಿದೆ.

ಚೊಂಬಿನ ಉಪಾಯದಿಂದ ಕಂಪ್ರೆಸರ್ ಓಡುತ್ತಿರುವಾಗ ನಾನು ಶಂಕ್ರಮ್ಮನವರನ್ನು ಸುಮ್ಮನೆ ಕೇಳುತ್ತೇನೆ, ಇದನ್ನು ಇಷ್ಟು ಗಾಳಿ ಹೊಡೆಯುವ ಪಡಸಾಲೆಯಲ್ಲಿ ಯಾಕೆ ಇಟ್ಟಿರಿ?

“ಅಡಿಗೆಮನೆಯಾಗೇ ಇತ್ತು ರೀ. ಬೇಸಿಗೆಯಾಗೆ ಬಾಗಿಲ ರಬ್ಬರ್ ಹೋಗಿತ್ತು. ರಿಪೇರಿಗೆ ಇವಳು ಬರ್ತಾಳಲ್ಲ ಅಂತ ಇಬ್ಬರು ಸೇರಿ ಎಳೆದು ಹೊರಗೆ ಇಟ್ರು. ಆಮೇಲೆ ಮತ್ತೆ ಯಾರು ಎಳೀತಾರೆ ಅಂತ ಇಲ್ಲೇ…”

ತಾವು ಏನು ಹೇಳಿದೆವೆಂದು ಅವರಿಗೇ ಕೇಳಿಸಿರಬೇಕು. ಮಮತಾ ತಲೆ ಎತ್ತದೆ ಟೆಸ್ಟರಿನ ವೈರು ಸುತ್ತುತ್ತಿದ್ದಾರೆ.

ಮಮತಾ ಕೇರಿಯವರು. ಶಂಕ್ರಮ್ಮನವರ ಮನೆಯಲ್ಲಿ ಅಡಿಗೆಮನೆಗೆ ಅಂಟಿಕೊಂಡೇ ದೇವರ ಕೋಣೆ ಇದೆ. ಹಿಂದಿನ ದಿನ ದಾರಿಯಲ್ಲಿ ಟೀ ಕುಡಿಯುವಾಗ ಮಮತಾ ನಗುತ್ತಲೇ ಹೇಳಿದ್ದರು: “ಕೆಲವು ಮನೆಯಾಗೆ ನಾನು ಒಳಗೆ ಹೋಗೋದಿಲ್ಲ ಮೇಡಂ, ಫ್ರಿಜ್ಜೇ ಹೊರಗೆ ಬರ್ತೈತೆ. ದೊಡ್ಡ ಮರ್ಯಾದೆ ನನಗೆ!” ಆಗ ನಾನೂ ನಕ್ಕಿದ್ದೆ. ಈಗ ನಗು ಬರುತ್ತಿಲ್ಲ, ಸಿಟ್ಟು ಬರುತ್ತಿದೆ. ಅಡಿಗೆಮನೆಯ ಕಾವಿನಲ್ಲಿ ಹಾಯಾಗಿದ್ದ ಯಂತ್ರವನ್ನು, ಅದನ್ನು ವಾಸಿ ಮಾಡುವವಳು ಒಳಗೆ ಬರಬಾರದೆಂದು ಹೊರಗೆ ಎಳೆದಿದ್ದಾರೆ. ಹೊರಗಿನ ಚಳಿಗೆ ಅದು ಕೆಟ್ಟಿದೆ. ಕೆಟ್ಟಿದೆಯೆಂದು ಮತ್ತೆ ಅವಳನ್ನೇ ಕರೆಸಿದ್ದಾರೆ!

“ಹಂಗಾದ್ರೆ ಒಳಗೇ ಇಡ್ಬೇಕೇನೇ?” ಶಂಕ್ರಮ್ಮ ಮೆಲ್ಲಗೆ ಕೇಳುತ್ತಾರೆ.

“ಒಳಗಿಟ್ರೆ ರಿಪೇರಿನೇ ಬೇಡ ಅಮ್ಮಾರೆ. ಒಲೆ ಕಾವು ಇರ್ತೈತೆ. ಆದ್ರೆ ಇಟ್ಟ ಮೇಲೆ ಕಾಲು ಮಟ್ಟ ಮಾಡಿ, ಓಡೋ ಸದ್ದು ಕೇಳಿ ನೋಡ್ಬೇಕು.”

“ಅದನ್ನ ನಮ್ಮ ಯಜಮಾನ್ರು ಮಾಡ್ತಾರೆ ಬಿಡು.”

ಆಗ ಶಂಕ್ರಮ್ಮನವರ ಬೆನ್ನ ಹಿಂದಿನಿಂದ ರೂಪಶ್ರೀ ದನಿ ಬರುತ್ತದೆ. “ಅವ್ವ, ಬಸುರಿ ಬಯಕೆ ಕೇಳಿದ್ರೆ ಇಲ್ಲ ಅನ್ನಬಾರ್ದು ಅಂತ ನೀನೇ ಹೇಳ್ತೀಯಲ್ಲ? ನನಗೆ ಸೀಕರಣೆ ಬೇಡ. ಮಮತಕ್ಕ ಒಳಗೆ ಬಂದು ಫ್ರಿಜ್ಜು ಮಟ್ಟ ಮಾಡ್ಲಿ. ನನ್ನ ಬಯಕೆ ಇದೇ.”

“ಸಾಕು ಸುಮ್ನಿರೇ! ಬಯಕೆ ಅಂದ್ರೆ ತಿನ್ನೋದು. ಇದೆಂಥ ಬಯಕೆ?” ಶಂಕ್ರಮ್ಮ ಗದರುತ್ತಾರೆ. ಗದರಿಕೆಯಲ್ಲಿ ಜೋರಿಲ್ಲ. ಒಂದು ಗಳಿಗೆ ಮೂವರೂ ಮಮತಾ ಕಡೆ ನೋಡುತ್ತೇವೆ.

ಮಮತಾ ಸ್ಪ್ಯಾನರನ್ನು ಚೀಲಕ್ಕೆ ಹಾಕಿ ನಿಧಾನಕ್ಕೆ ಎದ್ದು ನಿಲ್ಲುತ್ತಾರೆ. “ರೂಪಕ್ಕ, ಇದು ನಿಮ್ಮ ಬಯಕೆ ಅಲ್ಲ, ನಂದು. ನನ್ನ ಬಯಕೆನ ನಿಮ್ಮ ಹೆಸರಾಗೆ ತೀರಿಸ್ಕೊಳ್ಳಾಕೆ ನನಗೆ ಮನಸ್ಸಿಲ್ಲ. ನೀವು ಸೀಕರಣೆ ತಿನ್ರಿ. ಅಮ್ಮಾರು ತಾವಾಗೇ ಬಾ ಅನ್ಲಿ, ಬರ್ತೀನಿ.”

ಶಂಕ್ರಮ್ಮ ಮೆತ್ತಗಾದ ಪ್ಯಾಕೆಟ್ ತೆಗೆದುಕೊಂಡು ಒಳಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಏಲಕ್ಕಿ ಕುಟ್ಟುವ ಸದ್ದು. ಆಮೇಲೆ ಟೀ ಬರುತ್ತದೆ, ನನಗೆ ಸ್ಟೀಲ್ ಲೋಟದಲ್ಲಿ, ಮಮತಾಗೆ ಪೇಪರ್ ಕಪ್ಪಿನಲ್ಲಿ. “ಹೊರಗೆ ಚಳಿ, ನೀವಾದ್ರೂ ಒಳಗೆ ಬರ್ರಿ ಮೇಡಂ” ಅಂತ ಶಂಕ್ರಮ್ಮ ಕರೆಯುತ್ತಾರೆ. ಬಂದ ಕೂಡಲೇ ನನ್ನ ಊರು, ಮನೆತನ ವಿಚಾರಿಸಿ ಸಮಾಧಾನಪಟ್ಟುಕೊಂಡಿದ್ದರಲ್ಲ. ನನ್ನ ಕೆಲಸ ಇಲ್ಲೇ ಇದೆ ಅಂದು ಮಮತಾ ಪಕ್ಕ ಕಲ್ಲಿನ ಮೇಲೇ ಕೂತು ಟೀ ಕುಡಿಯುತ್ತೇನೆ. ಶಂಕ್ರಮ್ಮನವರ ಮುಖ ಸಣ್ಣದಾಗುತ್ತದೆ.

ಹೊರಡುವ ಮುಂಚೆ ಮಮತಾ ಅವರಿಗೆ ಚೊಂಬಿನ ಪಾಠ ಹೇಳುತ್ತಾರೆ. ರಾತ್ರಿ ಮಲಗುವಾಗ ಒಂದು, ಬೆಳಗ್ಗೆ ಎದ್ದ ಕೂಡಲೇ ಒಂದು, ನೀರು ಉಗುರುಬೆಚ್ಚಗೆ ಇರಲಿ, ಕುದಿಯೋದು ಬೇಡ. “ಇದು ಸದ್ಯಕ್ಕೆ ಅಮ್ಮಾರೆ. ಕಾಯಮ್ಮಾಗಿ ಮಾಡೋ ರಿಪೇರಿ ಯಾವುದು ಅಂತ ನಿಮಗೆ ಹೇಳೀನಲ್ಲ.”

ಮೊಪೆಡ್ ಹತ್ತಿರ ನಿಂತು ನಾನು ಕೇಳುತ್ತೇನೆ, ಬೇಜಾರಿಲ್ಲವಾ?

“ಐತೆ ಮೇಡಂ, ಯಾಕಿರಲ್ಲ?” ಮಮತಾ ಕಂಬಳಿ ಸರಿಪಡಿಸಿಕೊಳ್ಳುತ್ತಾರೆ. “ಎಷ್ಟೋ ಮನೆಯಾಗೆ ಒಲೆ ಮುಂದೆ ಕೂರಿಸಿ ರೊಟ್ಟಿ ಕೊಡ್ತಾರೆ. ಇನ್ನು ಕೆಲವರು ಗೇಟಿನಾಗೇ ನಿಲ್ಲಿಸ್ತಾರೆ. ಅವರು ಏನು ಮಾಡಿದ್ರೂ ನಾನು ತಲೆಗೆ ಹಚ್ಕೊಳ್ಳಲ್ಲ. ಆದ್ರೆ ಈ ಅಮ್ಮಾರು ಹಂಗಲ್ಲ ನೋಡ್ರಿ. ನನ್ನ ಕೈನ ಊರಾಗೆ ಮೊದಲು ನಂಬಿದೋರು. ಕೈ ನಂಬಿದೋರು ಕಾಲು ಯಾಕೆ ಒಳಗೆ ಬಿಡ್ಲಿಲ್ಲ ಅಂತ ಇಷ್ಟು ವರ್ಷದಿಂದ ಕೊರಗು. ಆ ಅಡಿಗೆಮನೆ ಹೆಂಗೈತೆ ಅಂತ ಒಂದ್ಸಲ ನೋಡ್ಬೇಕು. ಬರೀ ಏಲಕ್ಕಿ ವಾಸನೆ ಗೊತ್ತು ನನಗೆ.”

ಗಾಡಿ ಶುರುವಾಗುತ್ತದೆ. ಅವರ ಕಣ್ಣಲ್ಲಿ ನೀರಿದೆ. ಅದನ್ನು ಚಳಿಗಾಳಿಯ ಮೇಲೆ ಹಾಕಿ ಮಫ್ಲರಿನಿಂದ ಒರೆಸಿಕೊಂಡು ಮುಂದಿನ ಮನೆಗೆ ಹೊರಡುತ್ತಾರೆ.

ಈ ಬರಹ ಮುಗಿಸುವ ಮುಂಚೆ ಮನಸ್ಸು ತಡೆಯದೆ ನ್ಯಾಮತಿಗೆ ಫೋನ್ ಮಾಡುತ್ತೇನೆ. ಚಳಿ ಇನ್ನೂ ಬಿಟ್ಟಿಲ್ಲ. ಶಂಕ್ರಮ್ಮ ದಿನಾ ತಪ್ಪದೆ ಚೊಂಬು ಇಡುತ್ತಿದ್ದಾರಂತೆ. ಮಾವಿನ ರಸ ಕೆಟ್ಟಿಲ್ಲ, ರೂಪಶ್ರೀ ಬಯಕೆ ತೀರಿದೆ. ಫ್ರಿಜ್ಜು ಮಾತ್ರ ಇನ್ನೂ ಪಡಸಾಲೆಯಲ್ಲೇ ನಿಂತಿದೆ.

“ಒಳಗೆ ಕರೀಲಿಲ್ವಾ?” ಅನ್ನುತ್ತೇನೆ.

“ಇಲ್ಲ ಮೇಡಂ.” ಮಮತಾ ಮುಂದುವರಿಸುತ್ತಾರೆ, “ಆದ್ರೆ ನಿನ್ನೆ ಅಮ್ಮಾರೇ ಫೋನ್ ಮಾಡಿದ್ರು. ಅಡಿಗೆಮನೆಯಾಗೆ ಎಷ್ಟು ಜಾಗ ಬಿಡ್ಬೇಕೇ ಅಂತ ಕೇಳಿದ್ರು.”

“ನೀವೇನಂದ್ರಿ?”

“ಹಿಂದೆ ಒಂದು ಗೇಣು ಬಿಡ್ರಿ ಅಮ್ಮಾರೆ, ಅದು ಉಸಿರಾಡಾಕೆ. ಪಕ್ಕದಾಗೆ ಒಂದು ಮಣೆಯಷ್ಟು ಬಿಡ್ರಿ, ನಾನು ಕೂರಾಕೆ ಅಂದೆ.”

“ಅದಕ್ಕೆ ಅವರು?”

“ಏನೂ ಅನ್ಲಿಲ್ಲ ಮೇಡಂ. ಫೋನೂ ಇಡ್ಲಿಲ್ಲ.”