ನಟ್ಟಕ್ಕನ ಐದನೇ ನಟ್ಟು

ನೆಟ್ಟಗೆ ಮಾತಾಡುವವಳೆಂದು ಆ ಹೆಸರು ಬಂತೋ, ನಟ್ಟು ಬಿಗಿಯುವವಳೆಂದು ಬಂತೋ ಎಂದು ಯಾರಾದರೂ ಕೇಳಿದರೆ, "ಎರಡೂ ನಂದೇ, ಯಾವ್ದು ಬೇಕೋ ಇಟ್ಕೊ" ಎನ್ನುವ ಹೆಂಗಸು ನಟ್ಟಕ್ಕ. ವಯಸ್ಸು ಅರವತ್ತೊಂದು. ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ತಗಡಿನ ಜೊತೆ ಜಗಳವಾಡಿ ನಿವೃತ್ತಿಯಾದವಳು, ಈಗ ಮನೆಯಲ್ಲಿ ಗಂಡನ ಜೊತೆ ಆಡುತ್ತಾಳೆ. ತಗಡಾದರೂ ಬಾಗುತ್ತಿತ್ತು, ಈ ಮನುಷ್ಯ ಬಾಗುವುದಿಲ್ಲ ಎನ್ನುವುದು ಅವಳ ದೂರು.

ಅವತ್ತು ಬೆಳಿಗ್ಗೆ ಹತ್ತು ಗಂಟೆಗೆ ಅವಳ ನಾದಿನಿ ಹಳೇ ವ್ಯಾನೊಂದನ್ನು ಗೋಡೆಗೆ ಉಜ್ಜುವಷ್ಟು ಹತ್ತಿರ ತಂದು ನಿಲ್ಲಿಸಿ, ಇಳಿದು, ಬಾಗಿಲನ್ನು ದಡಾರನೆ ಹಾಕಿದಳು. ಮುಖ ಹುಣಸೆಹಣ್ಣು ಕಚ್ಚಿದ ಹಾಗಿತ್ತು.

"ಆಗಲ್ಲ ಅಂದ್ಬಿಟ್ಟ, ಅತ್ತಿಗೆ."

"ಯಾರು?"

"ಗ್ಯಾರೇಜಿನವನು. ಆ ರಿವೆಟ್ ನಟ್ಟು ಕೂರ್ಸೋಕೆ ರಿವೆಟ್ ಗನ್ನೇ ಬೇಕಂತೆ. ಗನ್ನು ರಿಪೇರಿಗೆ ಹೋಗಿದ್ಯಂತೆ, ನಾಲ್ಕು ದಿನ ಬಿಟ್ಟು ಬಾ ಅಂದ. ಅದಿಲ್ದೆ ದೇವರೇ ಇಳಿದು ಬಂದ್ರೂ ಆಗಲ್ವಂತೆ."

"ದೇವರಿಗ್ಯಾಕೆ ತೊಂದ್ರೆ ಕೊಡ್ತಾನೆ? ಒಳಗೆ ಮಂಚದ ಕೆಳಗೆ ನನ್ನ ಡಬ್ಬ ಇದೆ, ತಗೊಂಡ್ ಬಾ. ಹತ್ತನೇ ನಂಬರ್ ಸ್ಪ್ಯಾನರ್ ಎರಡಿರಬೇಕು, ನೋಡು. ಒಂದನ್ನ ನಿಮ್ಮಣ್ಣ ಕಿಟಕಿಗೆ ಆಸರೆ ಕೊಟ್ಟಿರ್ತಾನೆ."

ನಾದಿನಿ ದರ್ಜಿ. ಇಪ್ಪತ್ತು ವರ್ಷದಿಂದ ಹೊಲಿಗೆ ಅಂಗಡಿ ಇಟ್ಟು ಒಂಟಿಯಾಗಿ ಬದುಕಿದವಳು. ಮೂರು ತಿಂಗಳ ಹಿಂದೆ ರಸ್ತೆ ಅಗಲ ಮಾಡುವವರು ಬಂದು ಅಂಗಡಿಯ ಮುಂದಿನ ಅರ್ಧವನ್ನು ಕೆಡವಿದರು. ಹಿಂದಿನ ಅರ್ಧ ತಾನಾಗಿ ಬಿತ್ತು. ರಸ್ತೆ ಅಗಲವಾಯಿತು, ಇವಳ ದಾರಿ ಕಿರಿದಾಯಿತು. ಕೊನೆಗೆ ಈ ವ್ಯಾನು ತಗೊಂಡು, ಮೆಷಿನ್ನನ್ನೇ ಗಾಡಿಗೆ ಹತ್ತಿಸುತ್ತೇನೆ ಎಂದು ಹೊರಟಳು. ದೊಡ್ಡಾಸ್ಪತ್ರೆಯ ಆವರಣದೊಳಗೆ, ಕ್ಯಾಂಟೀನಿನ ಪಕ್ಕ, ಒಂದು ಗಾಡಿ ನಿಲ್ಲುವ ಜಾಗ ಖಾಲಿಯಿತ್ತು. ನರ್ಸುಗಳ ಸಮವಸ್ತ್ರ, ಡಾಕ್ಟರುಗಳ ಬಿಳಿ ಕೋಟು, ವಾರ್ಡಿನ ಪರದೆ: ಹರಿಯುವುದಕ್ಕೆ ಅಲ್ಲಿ ಬರವಿಲ್ಲ. ಆದರೆ ಹಿಂದೊಮ್ಮೆ ಅಲ್ಲಿ ಯಾರದೋ ಅಂಗಡಿಯ ಮೇಜು ಮಗುಚಿ ರೋಗಿಯೊಬ್ಬನ ಕಾಲ ಮೇಲೆ ಬಿದ್ದಿತ್ತು. ಅಂದಿನಿಂದ ಕಾವಲು ವಿಭಾಗದ ಸಾಹೇಬ ತಾನೇ ಅಲುಗಾಡಿಸಿ ನೋಡದೆ ಒಂದು ಸ್ಟೂಲನ್ನೂ ಒಳಗೆ ಬಿಡುತ್ತಿರಲಿಲ್ಲ. ಇವಳ ವ್ಯಾನನ್ನು ನೋಡುವುದು ಇವತ್ತು, ಸಂಜೆ ನಾಲ್ಕಕ್ಕೆ. ಮೆಷಿನ್ ಕೂರಿಸುವ ಮೇಜು ಅಲುಗಾಡಿದರೆ ಜಾಗ ಪಟ್ಟಿಯಲ್ಲಿ ಮುಂದಿನವನಿಗೆ, ಮೊಬೈಲ್ ಕವರ್ ಮಾರುವವನಿಗೆ.

ಮೇಜಿನ ಹೊರಗಿನ ಎರಡು ಕಾಲುಗಳನ್ನು ವ್ಯಾನಿನ ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಾಗಿತ್ತು. ಅಲ್ಲಿ ಕೆಳಗೆ ಮಲಗಿ ನಟ್ಟು ಹಿಡಿಯಬಹುದು. ತಕರಾರು ಗೋಡೆಯ ಕಡೆಯದು, ಅಲ್ಲಿ ಮೇಜಿನ ಕಬ್ಬಿಣದ ಪಟ್ಟಿಯನ್ನು ಗೋಡೆಗೇ ಬಿಗಿಯಬೇಕು. ವ್ಯಾನಿನ ಗೋಡೆಯ ಕಂಬಗಳು ಒಳಗೆ ಪೊಳ್ಳು, ಸುತ್ತ ಮುಚ್ಚಿದ ತಗಡು. ಬೋಲ್ಟು ತೂರಿಸಬಹುದು, ಹಿಂದೆ ನಟ್ಟು ಹಿಡಿಯಲು ಇರುವೆಯ ಕೈಯೂ ಹೋಗದು. ಬೋಲ್ಟು ಕಚ್ಚುವ ಸುರುಳಿ ಗೆರೆ, ಅಂದರೆ ಥ್ರೆಡ್ಡು, ತಗಡಿಗೇ ಹೊಡೆಯೋಣವೆಂದರೆ ಅದು ಎರಡು ಮಡಿಕೆ ಜೀನ್ಸ್ ಬಟ್ಟೆಯಷ್ಟು ದಪ್ಪ, ಅಷ್ಟೇ. ಇಂಥ ಕಡೆಗೇ ರಿವೆಟ್ ನಟ್ಟು ಇರುವುದು.

ನಾದಿನಿ ಪೊಟ್ಟಣ ಬಿಚ್ಚಿ ಅಂಗೈಗೆ ಸುರಿದಳು. ಐದಿದ್ದವು.

"ಆರು ತಾ ಅಂದಿದ್ದೆ."

"ನಾಲ್ಕು ತೂತಿಗೆ ಆರು ಯಾಕೆ? ನೀವು ನಾಲ್ಕು ಜನಕ್ಕೆ ಆರು ಜನದ ಅಡುಗೆ ಮಾಡೋದು ಸಾಲದಾ?"

"ಸರಿ ಮಹಾರಾಯ್ತಿ. ಇದು ಏನು ಅಂತಾದ್ರೂ ನೋಡಿದ್ಯಾ?"

ನಾದಿನಿ ಒಂದನ್ನು ಬೆಳಕಿಗೆ ಹಿಡಿದಳು. ಟೋಪಿಯ ಅಂಚಿನಂಥ ಬಾಯಿ, ಕೆಳಗೆ ತೆಳ್ಳನೆ ಕೊಳವೆ, ಕೊಳವೆಯ ತಳದಲ್ಲಿ ಮಾತ್ರ ಥ್ರೆಡ್ಡು. "ಅಯ್ಯೋ, ಇದು ಐಲೆಟ್ಟು! ಬ್ಯಾಗಿಗೆ ಹಾಕ್ತೀವಲ್ಲ. ಬಟ್ಟೆಗೆ ತೂತು ಮಾಡಿ ತೂರ್ಸಿ ಹಿಂದಿನಿಂದ ಮಡಚಿದ್ರೆ ಕಚ್ಕೊಳ್ಳುತ್ತೆ."

"ಅಷ್ಟೇ ಕಣೇ. ಹಿಂದೆ ಕೈ ಹೋಗಲ್ಲ ಅಂತ, ಮುಂದಿನಿಂದಾನೇ ಎಳೆದು ಮಡಚೋದು. ಗ್ಯಾರೇಜಿನವನ ಗನ್ನು ಎಳೆಯುತ್ತೆ. ನಾವೂ ಎಳಿಯೋಣ. ಒಂದು ವ್ಯತ್ಯಾಸ ನೆನಪಿಟ್ಕೊ: ನಿನ್ನ ಥ್ರೆಡ್ಡು ಹರಿದ್ರೆ ಇನ್ನೊಂದು ಪೋಣಿಸ್ಕೊತೀಯ. ನನ್ನ ಥ್ರೆಡ್ಡು ಹರಿದ್ರೆ ತೂತೇ ಹೋಯ್ತು."

ನಟ್ಟಕ್ಕ ಈ ವಿದ್ಯೆ ಕಲಿತದ್ದು ಯಾರೂ ಕಲಿಸದೆ. ಕಾರ್ಖಾನೆಗೆ ಅವಳನ್ನು ತೆಗೆದುಕೊಂಡದ್ದು ತಗಡಿನ ಚೂರು ಗುಡಿಸುವುದಕ್ಕೆ. ರಿವೆಟ್ ಗನ್ನುಗಳು ಫೋರ್‌ಮನ್ನಿನ ಬೀರುವಿನಲ್ಲಿ ಬೀಗದೊಳಗಿದ್ದವು, ಹೆಂಗಸರಿಗೆ ಮುಟ್ಟಲು ಕೊಡುತ್ತಿರಲಿಲ್ಲ. ಗುಡಿಸುತ್ತಾ ಗುಡಿಸುತ್ತಾ ನೋಡಿ, ಬಿದ್ದ ನಟ್ಟುಗಳನ್ನು ಆಯ್ದು, ಊಟದ ಬಿಡುವಿನಲ್ಲಿ ರದ್ದಿ ತಗಡಿನ ಮೇಲೆ ಒಂದು ಬೋಲ್ಟು, ಒಂದು ನಟ್ಟು, ಎರಡು ವಾಷರ್ ಇಟ್ಟುಕೊಂಡು ಅಭ್ಯಾಸ ಮಾಡಿದಳು. ನಲವತ್ತೊಂದು ದಿನದ ಮುಷ್ಕರ ಮುಗಿದು ಮಾತುಕತೆಗೆ ಕೂತಾಗ, ಹೆಂಗಸರಿಗೂ ಫಿಟ್ಟರ್ ಕೆಲಸ ಕೊಡಿ ಎಂಬ ಬೇಡಿಕೆಗೆ ಫೋರ್‌ಮನ್ ನಕ್ಕ. "ಗನ್ನು ಎತ್ತೋ ಕೈ ಬೇರೆ, ಪೊರಕೆ ಹಿಡಿಯೋ ಕೈ ಬೇರೆ." ಇವಳು ಎದ್ದು, ಮ್ಯಾನೇಜರನ ಮುಂದೆಯೇ, ಗನ್ನಿಲ್ಲದೆ ಒಂದು ಸೀಟಿನ ಚೌಕಟ್ಟಿಗೆ ಮೂವತ್ತೆರಡು ನಟ್ಟು ಕೂರಿಸಿದಳು. ಒಂದೂ ಸಡಿಲವಿರಲಿಲ್ಲ. ಮಾರನೇ ತಿಂಗಳು ಫಿಟ್ಟರ್ ಆದಳು. ಗನ್ನು ಕೊಟ್ಟಾಗ, "ಇಷ್ಟು ಹಗುರಾನಾ? ಇದಕ್ಕಾ ಇಷ್ಟೆಲ್ಲ ಗಂಡಸ್ತನ?" ಎಂದು ಕೇಳಿದಳಂತೆ. ಫೋರ್‌ಮನ್ ಮಾತ್ರ ಈ ಕತೆಯನ್ನು ಯಾರಿಗೂ ಹೇಳಿಲ್ಲ.

ಕೆಲಸ ಶುರುವಾಯಿತು. ಕಂಬದ ಮೇಲೆ ಗುರುತು ಮಾಡಿ, ಮೊದಲು ಸಣ್ಣ ತೂತು, ಆಮೇಲೆ ದೊಡ್ಡದು. ಆರು ಮಿಲಿಮೀಟರ್ ಬೋಲ್ಟಿನ ನಟ್ಟಿಗೆ ಒಂಬತ್ತು ಮಿಲಿಮೀಟರ್ ತೂತು, ಕೂದಲೆಳೆಯೂ ಹೆಚ್ಚು ಕೂಡದು. ನಟ್ಟಕ್ಕ ಅರದಿಂದ ಅಂಚಿನ ಮುಳ್ಳು ಉಜ್ಜಿ, ತುಕ್ಕು ಹತ್ತದಂತೆ ಬಣ್ಣ ತೀಡಿದಳು. ಬೋಲ್ಟಿಗೆ ಒಂದು ಸಾದಾ ನಟ್ಟನ್ನು ತಲೆಯವರೆಗೂ ಏರಿಸಿ, ಗ್ರೀಸು ಹಚ್ಚಿದ ಎರಡು ವಾಷರ್ ತೊಡಿಸಿ, ತುದಿಗೆ ರಿವೆಟ್ ನಟ್ಟನ್ನು ಸಿಕ್ಕಿಸಿ, ತೂತಿಗೆ ಒತ್ತಿದಳು.

"ಈಗ ಬೋಲ್ಟಿನ ತಲೆ ಹಿಡಿದ ಕೈ ಕದಲಬಾರದು. ನಟ್ಟು ಮಾತ್ರ ತಿರುಗ್ಬೇಕು. ನಟ್ಟು ವಾಷರನ್ನ ಒತ್ತುತ್ತೆ, ಬೋಲ್ಟು ಹೊರಗೆ ಬರುತ್ತೆ, ಒಳಗಿನ ಕೊಳವೆ ಉಬ್ಬುತ್ತೆ."

ಎಡಗೈಯಲ್ಲಿ ತಲೆ ಹಿಡಿದು ಬಲಗೈಯಲ್ಲಿ ನಟ್ಟು ತಿರುಗಿಸಿದಳು. ಮೊದಲು ಹಗುರ, ಆಮೇಲೆ ಹಿಟ್ಟು ನಾದಿದ ಹಾಗೆ ಮೆತ್ತಗೆ ಎಳೆತ, ಕೊನೆಗೆ ಗಟ್ಟಿ. ಗಟ್ಟಿಯಾದ ಮೇಲೆ ಕಾಲು ಸುತ್ತು, ನಿಲ್ಲಿಸಿದಳು. ನಟ್ಟು ಸಡಿಲಿಸಿ ಬೋಲ್ಟು ಬಿಚ್ಚಿದರೆ ತಗಡಿಗೇ ಹಲ್ಲು ಹುಟ್ಟಿದಂತೆ ರಿವೆಟ್ ನಟ್ಟು ಕೂತಿತ್ತು. ಎರಡನೆಯದೂ ಹಾಗೆಯೇ.

ಎರಡು ಸಲ ಸಲೀಸಾಗಿ ಆದದ್ದೇ ತಪ್ಪಾಯಿತು. ಮೂರನೆಯದಕ್ಕೆ ಸ್ಪ್ಯಾನರ್ ಹಾಕಿದಾಗ ಅವಳ ಬಾಯಿ ಗ್ಯಾರೇಜಿನವನ ಕಡೆ ತಿರುಗಿತ್ತು. "ದೇವರೇ ಬಂದ್ರೂ ಆಗಲ್ವಂತೆ! ಇವನಪ್ಪ ಸೈಕಲ್ ಪಂಕ್ಚರ್ ಹಾಕೋವಾಗ ಬಾಯಲ್ಲಿ ಗಾಳಿ ಊದ್ತಿದ್ದ. ಮಗನಿಗೆ ಕರೆಂಟಿಲ್ದೆ ಸೀನೋಕೂ ಬರಲ್ಲ..."

ಅಷ್ಟರಲ್ಲಿ ಎಡಗೈ ಸಡಿಲಾಗಿ, ನಟ್ಟಿನ ಜೊತೆ ಬೋಲ್ಟೂ ತಿರುಗಿತು. ಬೋಲ್ಟಿನ ಜೊತೆ ರಿವೆಟ್ ನಟ್ಟೂ ತೂತಿನೊಳಗೆ ಗರಗರ ಸುತ್ತಿತು. ಅರ್ಧ ಉಬ್ಬಿದ್ದರಿಂದ ಆಚೆ ಬರಲೊಲ್ಲದು. ಪೂರ್ತಿ ಉಬ್ಬದೇ ಇದ್ದದ್ದರಿಂದ ಕಚ್ಚಲೊಲ್ಲದು.

ನಾದಿನಿ ಗಡಿಯಾರ ನೋಡಿದಳು. ಹನ್ನೆರಡೂವರೆ. "ತೂತು ದೊಡ್ಡದಾಗಿತ್ತೇನೋ, ಅತ್ತಿಗೆ," ಎಂದಳು, ಮರ್ಯಾದೆ ಉಳಿಸುವ ದನಿಯಲ್ಲಿ.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ತೂತು ಸರಿ ಇತ್ತು. ಡೊಂಕಾಗಿದ್ದು ನಾನು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ಇಲ್ಲಿ ಮಾತು ಆಡಿದ್ದಕ್ಕೇ ನಟ್ಟು ಹೋಯ್ತು."

ಸ್ಕ್ರೂಡ್ರೈವರಿನ ಮೊನೆಯನ್ನು ನಟ್ಟಿನ ಬಾಯಿಯ ಅಂಚಿಗೆ ಒತ್ತಿ ಸುತ್ತದಂತೆ ಹಿಡಿದು, ಬೋಲ್ಟು ಬಿಚ್ಚಿದಳು. ಆಮೇಲೆ ಡ್ರಿಲ್ಲಿನಿಂದ ಅದರ ಬಾಯಿ ಕೊರೆದು ಹಾಕಿದಳು. ಉಳಿದ ತುಂಡು ಕಂಬದ ಹೊಟ್ಟೆಯೊಳಗೆ ಟಣ್ಣನೆ ಬಿತ್ತು. ತೂತಿನ ಅಂಚು ಕಿತ್ತುಹೋಗಿತ್ತು. ಆ ತೂತಿಗೆ ಇನ್ನು ಐದನೆಯದನ್ನು ಕೊಡುವುದು ದಂಡ.

"ಎರಡು ಬೆರಳು ಮೇಲೆ ಹೊಸ ತೂತು. ಮೇಜಿನ ಪಟ್ಟಿಗೂ ಅಲ್ಲೇ ಕೊರಿಯೋಣ. ಇದಕ್ಕೆ ರಬ್ಬರ್ ಬಿರಡೆ ಹಾಕ್ತೀನಿ."

"ಇದೂ ಸುತ್ತಿದ್ರೆ?"

"ಸುತ್ತಲ್ಲ. ನೀನು ಹಿಡ್ಕೊ."

"ನಾನಾ? ನಾನು ಜನ್ಮದಲ್ಲಿ ಸ್ಪ್ಯಾನರ್ ಹಿಡಿದಿಲ್ಲ."

"ಜರಿ ಅಂಚಿನ ರೇಷ್ಮೆ ಬಟ್ಟೆ ಮೆಷಿನ್ ಕೆಳಗೆ ಹಿಡೀತೀಯಲ್ಲ, ಜಾರದ ಹಾಗೆ? ಎಳೆಯಲ್ಲ, ತಳ್ಳಲ್ಲ, ಬರೀ ಹಿಡೀತೀಯ. ಅದೇ ಬೇಕಾಗಿರೋದು. ತಿರುಗ್ಸೋ ಬಲ ನಂದು, ಹಿಡಿಯೋ ಬುದ್ಧಿ ನಿಂದು. ನಾನು ಬಾಯಿ ಬಿಟ್ರೆ ಕಾಲ್ ತುಳಿ."

ನಾದಿನಿ ಎರಡೂ ಕೈಯಲ್ಲಿ ಸ್ಪ್ಯಾನರ್ ಹಿಡಿದು ಉಸಿರು ಕಟ್ಟಿ ನಿಂತಳು. ನಟ್ಟಕ್ಕ ತಿರುಗಿಸಿದಳು. ಹಗುರ, ಮೆತ್ತಗೆ, ಗಟ್ಟಿ. ಬೋಲ್ಟಿನ ತಲೆ ಕಲ್ಲಿನ ಹಾಗೆ ನಿಂತಿತ್ತು. ನಾಲ್ಕನೆಯದೂ, ಐದನೆಯದೂ ಕೂತವು. ಎರಡರ ನಡುವೆ ನಟ್ಟಕ್ಕ "ನೋಡಿದ್ಯಾ..." ಎಂದು ಶುರುಮಾಡಿ ಒಮ್ಮೆ ಕಾಲು ತುಳಿಸಿಕೊಂಡಳು.

ಮೇಜು ಬಿಗಿದು, ಮೇಲೆ ಮೆಷಿನ್ ಕೂರಿಸಿದರು. ನಟ್ಟಕ್ಕ ನಾದಿನಿಯ ಬಟ್ಟೆ ಗುರುತಿಸುವ ಸೀಮೆಸುಣ್ಣ ತೆಗೆದುಕೊಂಡು ನಾಲ್ಕೂ ಬೋಲ್ಟಿನ ತಲೆಯಿಂದ ಕಬ್ಬಿಣದ ಪಟ್ಟಿಯವರೆಗೆ ಒಂದೊಂದು ನೇರ ಗೆರೆ ಎಳೆದಳು. ಬೋಲ್ಟು ಒಂದಿಷ್ಟು ತಿರುಗಿದರೂ ಗೆರೆ ಮುರಿಯುತ್ತದೆ.

ಹೊರಟದ್ದು ಮೂರಕ್ಕೆ. ರಸ್ತೆಯ ಮೊದಲ ಉಬ್ಬಿನಲ್ಲೇ ಕಂಬದೊಳಗಿನ ತುಂಡು ಗಿಲಕ್ ಎಂದಿತು. ನಾದಿನಿ ವ್ಯಾನಿನ ವೇಗ ಇಳಿಸಿದಳು.

"ಅತ್ತಿಗೆ, ಇದು ಸದ್ದು ಮಾಡ್ತಿದೆ. ನಿಲ್ಸಿ ಆ ತೂತಿಂದ ಒಂದಿಷ್ಟು ಚಿಂದಿ ಬಟ್ಟೆ ತುರುಕೋಣ?"

"ಬಟ್ಟೆ ನೀರು ಹಿಡಿಯುತ್ತೆ, ಕಂಬ ತುಕ್ಕು ಹಿಡಿಯುತ್ತೆ. ಗಿಲಿಗಿಲಿ ಅಂದ್ರೆ ಅನ್ಲಿ."

ಆಸ್ಪತ್ರೆಯ ಸಾಹೇಬ ಎತ್ತಿನಂಥ ಆಳು. ವ್ಯಾನು ಹತ್ತಿ ಮೇಜನ್ನು ಹಿಡಿದು ಎಳೆದ, ತಳ್ಳಿದ. ಮೇಜು ಕದಲಲಿಲ್ಲ. ಕೊನೆಗೆ ಕಂಬಕ್ಕೊಂದು ಏಟು ಕೊಟ್ಟ. ಗಿಲಕ್.

"ಏನೋ ಸಡಿಲ ಇದೆ," ಎಂದು ಪುಸ್ತಕ ಮುಚ್ಚಿದ.

"ಹಳೇ ಗಾಡಿ ಸಾರ್, ಏನೋ ಬೀಗದ ಕೈ ಬಿದ್ದಿರಬೇಕು" ಎನ್ನಲು ನಾದಿನಿ ಬಾಯಿ ತೆರೆಯುವಷ್ಟರಲ್ಲಿ ನಟ್ಟಕ್ಕ ಮುಂದೆ ಬಂದಳು.

"ಅದು ನನ್ನ ತಪ್ಪು ಸಾಹೇಬ್ರೇ. ಐದು ನಟ್ಟಲ್ಲಿ ಒಂದು ಕೆಡಿಸ್ದೆ. ಅದರ ತುಂಡು ಒಳಗೆ ಬಿದ್ದಿದೆ. ಇಲ್ಲಿ, ಈ ಬಿರಡೆ ಇರೋ ಕಡೆ. ಮೇಜಿಗೂ ಅದಕ್ಕೂ ಸಂಬಂಧ ಇಲ್ಲ."

"ಒಂದು ಕೆಡ್ಸಿದೋರು ಉಳಿದ ನಾಲ್ಕು ಸರಿ ಮಾಡಿದೀರಿ ಅಂತ ನಾನು ಹೇಗೆ ನಂಬ್ಲಿ?"

"ನಂಬಬೇಡಿ. ಬಗ್ಗಿ ನೋಡಿ. ಹೊರಡೋಕೆ ಮುಂಚೆ ಸುಣ್ಣದಲ್ಲಿ ಗೆರೆ ಎಳೆದಿದ್ದೆ. ಆರು ಕಿಲೋಮೀಟರು, ನಿಮ್ಮ ಗೇಟಿನ ಉಬ್ಬೂ ಸೇರಿ ಹದಿನಾಲ್ಕು ಉಬ್ಬು ಹಾರಿಸ್ಕೊಂಡು ಬಂದಿದೀವಿ. ಗೆರೆ ಮುರಿದಿದ್ರೆ ನಾವೇ ತಿರುಗಿಸ್ಕೊಂಡು ಹೋಗ್ತೀವಿ."

ಸಾಹೇಬ ಬಗ್ಗಿ, ಟಾರ್ಚು ಹಾಕಿ, ನಾಲ್ಕೂ ಗೆರೆ ನೋಡಿದ. ನಾದಿನಿಗೆ ಮೆಷಿನ್ ಓಡಿಸಲು ಹೇಳಿದ. ಅವಳು ಪೆಡಲಿನ ಮೇಲೆ ಕಾಲಿಟ್ಟು ತಡೆಯಿಲ್ಲದೆ ಓಡಿಸಿದಳು. ವ್ಯಾನು ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಸಾಹೇಬ ಮತ್ತೆ ಬಗ್ಗಿದ. ಗೆರೆಗಳು ಹಾಗೇ ಇದ್ದವು.

"ಯಾವ ಗ್ಯಾರೇಜು?" ಎಂದ, ಪುಸ್ತಕ ಬಿಚ್ಚುತ್ತಾ.

"ನಮ್ಮತ್ತಿಗೆ," ಎಂದಳು ನಾದಿನಿ.

ಅವನು ಏನು ಬರೆದನೋ, ಸಹಿ ಮಾಡಿ ಚೀಟಿ ಹರಿದು ಕೊಟ್ಟ. ಸೋಮವಾರದಿಂದ ಜಾಗ ಅವಳದು.

ವಾಪಸು ಬರುವಾಗ ನಟ್ಟಕ್ಕ ಕಾಲು ಚಾಚಿ ಕೂತು, ಫೋರ್‌ಮನ್ನಿನ ಕತೆ ಮತ್ತೆ ತೆಗೆದಳು. ಮೊದಲ ಉಬ್ಬು ಬಂತು. ಗಿಲಕ್.

"ಅತ್ತಿಗೆ," ಎಂದಳು ನಾದಿನಿ, ರಸ್ತೆಯಿಂದ ಕಣ್ಣು ತೆಗೆಯದೆ, "ಮಧ್ಯಾಹ್ನ ಆಡಿದ್ರಲ್ಲ, ಆ ಮಾತು ಇನ್ನೂ ಕಂಬದೊಳಗೆ ಇದೆ."

ಮುಂದಿನ ಹದಿಮೂರು ಉಬ್ಬು ದಾಟುವವರೆಗೂ ನಟ್ಟಕ್ಕ ತುಟಿ ಬಿಚ್ಚಲಿಲ್ಲ. ಅಷ್ಟು ಹೊತ್ತು ಅವಳು ಸುಮ್ಮನಿದ್ದಳೆಂದು ನಾದಿನಿ ಹೇಳಿದರೆ ಗಂಡ ನಂಬಲೇ ಇಲ್ಲ.