ಹಲ್ಲುನೋವಿಗೆ ಕೊಟ್ಟ ಮಾತ್ರೆ

ಗಲ್ಫಿನಲ್ಲಿ, ಕರಾಮದ ನಮ್ಮ ಕಟ್ಟಡದ ಹಿಂದಿನ ಪಾರ್ಕಿಂಗಿನಲ್ಲಿ ಒಂದು ಬೀದಿಬೆಕ್ಕಿತ್ತು. ಬಂಗುಡೆಯ ತಲೆಗಳನ್ನು ಅದಕ್ಕೆಂದೇ ತೆಗೆದಿಡುತ್ತಿದ್ದೆ. ಆ ಉಪಕಾರಕ್ಕೆ ಅದು ಕಳೆದ ವರ್ಷ ಒಂದು ಬೆಳಿಗ್ಗೆ ನನ್ನ ಹೆಬ್ಬೆರಳಿನ ಬುಡಕ್ಕೇ ಹಲ್ಲೂರಿತು. ಗಾಯ ಸಾಸಿವೆಯಷ್ಟು. ಸಂಜೆಯೊಳಗೆ ಕೈ ಊದಿ ಬಳೆ ಬಿಗಿಯಾಯಿತು.

ಕ್ಲಿನಿಕ್ಕಿನ ಡಾಕ್ಟರ್ ಉಡುಪಿ ಕಡೆಯ ಹೆಂಗಸು. ರೇಬೀಸ್ ಇಂಜೆಕ್ಷನ್ ಆಯಿತು. ಬೆಕ್ಕಿನ ಹಲ್ಲು ಆಳಕ್ಕೆ ಇಳಿಯುತ್ತದೆ, ತಡ ಮಾಡಿದರೆ ಬೆರಳಿನ ಗಂಟಿಗೇ ಕೀವು ಸೇರೀತು ಎಂದ ಅವರು, ಯಾವುದಾದರೂ ಔಷಧಿ ಅಲರ್ಜಿಯೇ ಎಂದು ಕೇಳಿದರು. ಕೇಳಿದ್ದು ನನ್ನನ್ನು. ಎಂದಿನಂತೆ ಉತ್ತರ ಕೊಟ್ಟದ್ದು ನನ್ನ ಗಂಡ. ಏನೂ ಇಲ್ಲವಂತೆ.

ಪೆನಿಸಿಲಿನ್ ನನಗಾಗುವುದಿಲ್ಲ ಎಂದು ಮದುವೆಯಾದ ವಾರವೇ ಇವರಿಗೆ ಹೇಳಿದ್ದೆ. ಶಾಲೆಗೆ ಹೋಗುವಾಗ ಒಂದು ಇಂಜೆಕ್ಷನ್ನಿಗೆ ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ, ಅಪ್ಪ ನನ್ನನ್ನು ಹೊತ್ತುಕೊಂಡು ಓಡಿದ್ದರು. ಅದನ್ನೆಲ್ಲ ಹೇಳಿದಾಗ ಡಾಕ್ಟರ್ ಕೀಬೋರ್ಡಿನಿಂದ ಕೈ ತೆಗೆದರು. ಕಚ್ಚಿದ ಗಾಯಕ್ಕೆ ಮೊದಲು ಬರೆಯುವುದೇ ಪೆನಿಸಿಲಿನ್ ಜಾತಿಯ ಮಾತ್ರೆ, ಅದು ಬೇಡವೆಂದರೆ ಬೇರೆ ಎರಡನ್ನು ಸೇರಿಸಿ ಕೊಡಬೇಕು ಎಂದರು.

ಇವರು ನಕ್ಕರು. "ಅದೆಲ್ಲ ಹಳೇ ಕಥೆ ಮೇಡಂ. ಹೋದ ರಂಜಾನಿಗೆ ಇವಳಿಗೆ ಹಲ್ಲುನೋವು ಬಂದಾಗ ಊರಿಂದ ತಂದ ಅದೇ ಮಾತ್ರೆ ಕೋರ್ಸ್ ಪೂರ್ತಿ ಕೊಟ್ಟಿದ್ದೇನೆ. ಹೆಸರು ಹೇಳಿದ್ರೆ ಹೆದರ್ತಾಳೆ ಅಂತ ಹೇಳ್ಲಿಲ್ಲ."

ಇಲ್ಲಿ ಯಾರ ಮನೆಯಲ್ಲಿ ನೋಡಿದರೂ ಊರಿನ ಮಾತ್ರೆಗಳ ಒಂದು ಡಬ್ಬಿ ಇರುತ್ತದೆ. ನಮ್ಮ ಡಬ್ಬಿಯ ಯಜಮಾನರು ಇವರು. ಬಿಡಿಸಿದ ಮಾತ್ರೆಯನ್ನು ನನ್ನ ಅಂಗೈಗೆ ಹಾಕಿ ನೀರಿನ ಲೋಟ ಹಿಡಿದು ನಿಲ್ಲುತ್ತಿದ್ದರು. ಎಷ್ಟು ಕಾಳಜಿ ಎಂದುಕೊಂಡು ನುಂಗಿದ್ದೆ. ಅವತ್ತು ಗಂಟಲು ಕಟ್ಟಿದ್ದರೆ ಯಾಕೆಂದು ತಿಳಿಯದೆಯೇ ಸಾಯುತ್ತಿದ್ದೆ.

ಇಂಥ ಪರೀಕ್ಷೆಯನ್ನು ಆಸ್ಪತ್ರೆಯಲ್ಲಿ ಮಾಡುತ್ತಾರೆ, ಅಡುಗೆಮನೆಯಲ್ಲಲ್ಲ ಎಂದು ಡಾಕ್ಟರ್ ಇವರಿಗೆ ಖಾರವಾಗಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. ಚಿಕ್ಕಂದಿನ ಅಲರ್ಜಿ ಎಷ್ಟೋ ಜನರಿಗೆ ವರ್ಷ ಕಳೆದಂತೆ ಹೋಗಿಬಿಡುತ್ತದೆ, ಕೋರ್ಸ್ ಪೂರ್ತಿ ತಡೆದುಕೊಂಡದ್ದು ಹೌದಾದರೆ ಈಗ ಅದನ್ನೇ ಕೊಡಬಹುದು, ಕಚ್ಚಿದ ಗಾಯಕ್ಕೆ ಅದೇ ಮೇಲು, ಮೊದಲ ಮಾತ್ರೆ ಮಾತ್ರ ಇಲ್ಲೇ ನುಂಗಿ ತಮ್ಮ ಕಣ್ಣೆದುರು ಕೂರಬೇಕು, ಇಷ್ಟವಿಲ್ಲದಿದ್ದರೆ ಬೇರೆಯದನ್ನು ಬರೆಯುತ್ತೇನೆ ಎಂದರು.

ನನಗೆ ಬೆರಳು ಬೇಕಿತ್ತು. ಅದನ್ನೇ ಕೊಡಿ ಎಂದೆ.

ನರ್ಸ್ ತಂದ ಸ್ಟ್ರಿಪ್ಪಿನ ಮೇಲಿನ ಹೆಸರನ್ನು ಪೂರ್ತಿ ಓದಿ, ನಾನೇ ಬಿಡಿಸಿ ನುಂಗಿದೆ. ಇವರು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು.

"ನಂಗೆ ಏನಾದ್ರೂ ಆದ್ರೆ ನೋಡ್ಲಿಕ್ಕೆ ನರ್ಸ್ ಉಂಟು," ಎಂದೆ. "ನೀವು ಹೊರಗೆ ಕೂತ್ಕೊಳ್ಳಿ."